ಕಿಟಕಿ ಏರಿಸಿಕೊಂಡು ಜಗಳ

ಮಾನಸಿಕ ಆಸ್ಪತ್ರೆಯಿಂದ ನನ್ನನ್ನು ಮನೆಗೆ ಬಿಡುವ ದಿನ ಅಲ್ಲಿನ ಸಮಾಲೋಚಕಿ ಅಪ್ಪ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, ನನ್ನಂಥ ಹದಿನಾರರ ಮಕ್ಕಳು ಯಾತರಿಂದ ಮತ್ತೆ ವಾರ್ಡು ಸೇರುತ್ತಾರೆ ಅಂತ ಬಿಡಿಸಿ ಹೇಳಿದರು. ಮಾತ್ರೆ ತಪ್ಪಿಸುವುದು, ನಿದ್ದೆಗೆಡುವುದು, ಮನೆಯಲ್ಲಿ ಜಗಳ. ನಮ್ಮವರ ಕಿವಿಗೆ ಬಿದ್ದದ್ದು ಕೊನೆಯದೊಂದೇ.

ಹದಿನೆಂಟು ವರ್ಷದಿಂದ ಹಲ್ಲುಜ್ಜುವ ಮೊದಲೇ ಜಗಳಕ್ಕೆ ಕೂರುತ್ತಿದ್ದ ಜೋಡಿ ಅದು. ಈಗ ನೋಡಿದರೆ ನೀವು ಮೊದಲು, ಇಲ್ಲ ನೀನೇ ಮೊದಲು ಅಂತ ಬಚ್ಚಲ ಬಾಗಿಲಲ್ಲಿ ಅರ್ಧ ಗಂಟೆ ಉಪಚಾರ ನಡೆಸಿ, ಕೊನೆಗೆ ಇಬ್ಬರೂ ಸ್ನಾನವಿಲ್ಲದೆ ಕೆಲಸಕ್ಕೆ ಹೋದರು. ಅಪ್ಪ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೆ ಅಮ್ಮ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಆ ನಗು ನೋಡಿ ನನ್ನ ಎದೆ ಧಸಕ್ಕೆನ್ನುತ್ತಿತ್ತು. ನನ್ನ ಕಾಯಿಲೆ ಅಷ್ಟು ಕೆಟ್ಟದ್ದಾ, ಇವರೇನು ಬೇರೆಯಾಗುತ್ತಿದ್ದಾರಾ ಅಂತ ಯೋಚಿಸಿ ಯೋಚಿಸಿ ಮೂರು ರಾತ್ರಿ ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ಹೇಳಿದರೆ ವಾಪಸ್ ವಾರ್ಡಿಗೆ ಹಾಕಿಬಿಟ್ಟಾರು ಅಂತ ಹೆದರಿ, ಸೊಗಸಾದ ನಿದ್ದೆ ಬಂತು ಅಂತ ದಿನಾ ಬೆಳಿಗ್ಗೆ ಸುಳ್ಳು ಬಿಡುತ್ತಿದ್ದೆ.

ಅಪ್ಪ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ನಾಲ್ಕನೇ ದಿನ ಸಂಜೆ ತರಕಾರಿ ತರುತ್ತೇವೆ ಅಂತ ಇಬ್ಬರೂ ಅವನ ಸ್ಕೂಲಿನ ಕಾರು ಹತ್ತಿದರು. ಹಿಂದಿನ ಮೂರು ಸಂಜೆಯೂ ಹೀಗೇ ಹೋಗಿ ಬರಿಗೈಯಲ್ಲಿ ಬಂದಿದ್ದರು. ನನಗೆ ತಡೆಯಲಾಗಲಿಲ್ಲ, ಹಿಂದೆಯೇ ನಡೆದೆ. ಕಾರು ರಸ್ತೆಯ ತಿರುವಿನಲ್ಲೇ ನಿಂತಿತ್ತು, ಗಾಜೆಲ್ಲ ಏರಿಸಿಕೊಂಡಿದ್ದರು. ಒಳಗೆ ಅಮ್ಮನ ಎರಡೂ ಕೈ ಗಾಳಿಯಲ್ಲಿದ್ದವು. ಅಪ್ಪ ಸ್ಟೇರಿಂಗ್ ಗುದ್ದುತ್ತಿದ್ದ, ಗುದ್ದಿದಾಗಲೆಲ್ಲ ಹಾರ್ನ್ ಹೊಡೆದುಕೊಳ್ಳುತ್ತಿತ್ತು.

ಹಿಂದಿನ ಬಾಗಿಲು ತೆಗೆದು ಕೂತೆ. ಜಗಳ ಟವೆಲಿನದು. ಅಬ್ಬಾ, ಹೋದ ಜೀವ ಬಂದ ಹಾಗಾಯಿತು. ಆದರೆ ನನ್ನನ್ನು ಕಂಡದ್ದೇ ಇಬ್ಬರೂ ಹಲ್ಲು ಕಿರಿದರು. ಎಲೆಕೋಸು ತರಬೇಕೋ ಬೇಡವೋ ಅಂತ ಮಾತಾಡುತ್ತಿದ್ದೆವು ಅಂತ ಅಪ್ಪ ಸಮಜಾಯಿಷಿ ಬೇರೆ ಕೊಟ್ಟ. ನನಗೆ ಪಿತ್ತ ನೆತ್ತಿಗೇರಿತು.

"ಸಾಕು ನಿಮ್ಮ ನಾಟಕ. ನೀವು ಮನೇಲಿ ಜಗಳ ಆಡ್ದೆ ಇದ್ರೆ ನಂಗೆ ಭಯ ಆಗುತ್ತೆ. ಮೂರು ರಾತ್ರಿಯಿಂದ ನಾನು ಮಲಗೇ ಇಲ್ಲ."

ಅಮ್ಮ ಸೀಟಿನ ಮೇಲಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡಳು. ವಾಪಸ್ ವಾರ್ಡಿಗೆ ಕಳಿಸುತ್ತೀರಿ ಅಂತ ಹೆದರಿಯೇ ಹೇಳಲಿಲ್ಲ ಅಂದೆ.

"ಹೋಗೋದೇ ಆದ್ರೆ ಮೂರೂ ಜನ ಹೋಗೋಣ ಬಿಡು," ಅಂದಳು.

ಮರುಕ್ಷಣವೇ ಡಾಕ್ಟರಿಗೆ ಯಾರು ಫೋನ್ ಮಾಡಬೇಕು ಅಂತ ಶುರುವಾಯಿತು ನೋಡಿ, ಕಿಟಕಿ ಗಾಜು ಅದುರುವ ಹಾಗೆ. ಡಾಕ್ಟರು ಫೋನೆತ್ತುವಷ್ಟರಲ್ಲಿ ನಾನು ಹಿಂದಿನ ಸೀಟಿನಲ್ಲಿ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದೆನಂತೆ. ಆ ಗೊರಕೆ ಯಾರ ಕಡೆಯವರದ್ದು ಅಂತ ಇಬ್ಬರೂ ಕತ್ತಲಾಗುವವರೆಗೆ ಕಾರಿನಲ್ಲೇ ಕೂತು ಕಿತ್ತಾಡಿದರಂತೆ.