ಐವಿಯ ವಯಸ್ಸು

ಹಡಗು ಮೆಲ್ಬರ್ನ್ ಬಂದರಿಗೆ ಬಂದು ಎರಡು ದಿನವಾಗಿತ್ತು. ಎಲ್ಲರೂ ಇಳಿದು ಮನೆ ಸೇರಿದರೂ ಹನೋರಾಳ ಮಗಳನ್ನು ಮಾತ್ರ ಇಳಿಯಲು ಬಿಟ್ಟಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕ್ರಾಡಕ್ ಎಂಬ ವಲಸೆ ಅಧಿಕಾರಿ ಹಡಗಿನ ಊಟದ ಕೋಣೆಯಲ್ಲೇ ವಿಚಾರಣೆಗೆ ಕುಳಿತು ತಾಯಿಯನ್ನೂ ಕರೆಸಿದ.

ಹನೋರಾ ಹುಟ್ಟಿದ್ದು ಬೆಂಡಿಗೋದಲ್ಲಿ. ಅಪ್ಪ ಐರ್ಲೆಂಡಿನಿಂದ ಚಿನ್ನ ಅಗೆಯಲು ಬಂದವನು. ಚಿನ್ನವೇನೂ ಸಿಗಲಿಲ್ಲ, ಮಕ್ಕಳಾದರು. ಅವಳು ತರಕಾರಿ ಬೆಳೆಯುವ ಚೀನಿ ಕ್ವಾಂಗ್ ಸಿನ್‌ನನ್ನು ಮದುವೆಯಾದಾಗ ಅಣ್ಣಂದಿರು ಅವಳ ಪಾಲಿಗೆ ಸತ್ತಂತಾದರು. ಸತ್ತಂತೆಯೇ ಇದ್ದಿದ್ದರೂ ಆಗುತ್ತಿತ್ತು, ಬೀದಿಯಲ್ಲಿ ಎದುರಾದಾಗ ಉಗಿಯುತ್ತಿದ್ದರು. ಕ್ವಾಂಗ್ ಸಿನ್ ಮಾತ್ರ ಹತ್ತೊಂಬತ್ತು ವರ್ಷ ಅವಳಿಗೆ ಒಂದು ಗಡಸು ಮಾತು ಆಡಿದವನಲ್ಲ. ಅವನ ತಾಯಿಗೆ ಮೊಮ್ಮಗಳನ್ನು ಕಾಣುವ ಆಸೆಯಿತ್ತು. ನಾಲ್ಕು ಅಕ್ಷರ, ನಾಲ್ಕು ನಡತೆ ಕಲಿತು ಬರಲಿ ಎಂದು ಏಳು ವರ್ಷದ ಐವಿಯನ್ನು ಅಪ್ಪನೇ ಚೀನಾದ ತನ್ನ ಊರಿಗೆ ಕರೆದೊಯ್ದು ಬಿಟ್ಟು ಬಂದ. ನಾಲ್ಕು ವರ್ಷಕ್ಕೆ ವಾಪಸ್ ಕರೆತರುವ ಮಾತಾಗಿತ್ತು. ಅಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಳು, ಆಮೇಲೆ ಯುದ್ಧ ಬಂತು, ಯುದ್ಧದ ಬೆನ್ನಿಗೆ ಬಂದ ಜ್ವರ ಕ್ವಾಂಗ್ ಸಿನ್‌ನನ್ನು ಕೊಂಡೊಯ್ದಿತು. ಒಬ್ಬಳೇ ಉಳಿದ ಹನೋರಾ, ಮಗಳೇ ಬಾ ಎಂದು ಕಾಗದ ಬರೆಸಿದಳು. ಮಗಳು ಬಂದಿದ್ದಳು.

ಕೋಣೆಯ ಬಾಗಿಲಲ್ಲಿ ಅವಳನ್ನು ಕಂಡಾಗ ಹನೋರಾಳಿಗೆ ಒಂದು ಗಳಿಗೆಯೂ ಸಂಶಯ ಬರಲಿಲ್ಲ. ಗದ್ದ ಮುಂದೆ ಮಾಡಿ ಜಗಳಕ್ಕೆ ಹೊರಟವರಂತೆ ನಡೆಯುವುದು, ಅದು ಕ್ವಾಂಗ್ ಸಿನ್‌ನ ನಡಿಗೆಯೇ. ಆದರೆ ಹುಡುಗಿಗೆ ಇಂಗ್ಲಿಷು ಮರೆತೇ ಹೋಗಿತ್ತು. ಹನೋರಾಳಿಗೋ ಗಂಡನ ಭಾಷೆಯಲ್ಲಿ ಉಣ್ಣು, ಮಲಗು, ಬೇಗ ಬಾ ಎನ್ನುವುದರ ಆಚೆಗೆ ಹೆಚ್ಚು ಬಾರದು. ನಡುವೆ ನಿಂತು ಮಾತು ದಾಟಿಸಲು ಗಂಡನ ಗೆಳೆಯ, ನಾಟಿ ಔಷಧಿ ಮಾರುವ ಹಾಕ್ ಮಿಂಗ್ ಬಂದಿದ್ದ.

ಕ್ರಾಡಕ್ ಮೂರು ಕಾಗದ ಹರವಿದ. ಬೆಂಡಿಗೋದ ಜನನ ಪತ್ರದ ಪ್ರಕಾರ ಐವಿ ಕ್ವಾಂಗ್ ಹುಟ್ಟಿದ್ದು ಸಾವಿರದ ಒಂಬೈನೂರ ಎರಡರ ಜನವರಿ ಇಪ್ಪತ್ತು. ಈಗ ಹದಿನೆಂಟು. ಬೆಂಡಿಗೋ ಬಿಡುವಾಗ ಅಪ್ಪ ತುಂಬಿಸಿದ ಗುರುತಿನ ಕಾಗದದಲ್ಲಿ ಮಗುವಿನ ವಯಸ್ಸು ಏಳರ ಬದಲು ಒಂಬತ್ತು. ಮೊನ್ನೆ ಹಡಗಿನಲ್ಲಿ ಕೇಳಿದಾಗ ಹುಡುಗಿ ಹೇಳಿದ್ದು ಇಪ್ಪತ್ತು. ಎರಡು ವರ್ಷ ದೊಡ್ಡವಳಾದ ಯಾರನ್ನೋ ಐವಿಯ ಹೆಸರಿನಲ್ಲಿ ಒಳಗೆ ತರುತ್ತಿದ್ದೀರಿ ಎಂಬುದು ಅವನ ವಾದ.

ಹಾಕ್ ಮಿಂಗ್ ತಾಳ್ಮೆಯಿಂದ ಬಿಡಿಸಿ ಹೇಳಿದ. ತಮ್ಮಲ್ಲಿ ಮಗು ಹುಟ್ಟಿದಾಗಲೇ ಒಂದು ವರ್ಷ. ಚೀನಿ ಹೊಸ ವರ್ಷ ಬಂದ ಕೂಡಲೇ ಎಲ್ಲರಿಗೂ ಇನ್ನೊಂದು. ಐವಿ ಹುಟ್ಟಿದ ಹತ್ತೊಂಬತ್ತನೆಯ ದಿನಕ್ಕೆ ಹೊಸ ವರ್ಷ ಬಂದಿತ್ತು, ಹಾಗಾಗಿ ತೊಟ್ಟಿಲಲ್ಲೇ ಅವಳಿಗೆ ಎರಡಾಯಿತು. ಅವಳಪ್ಪ ಮರೆತು ತಮ್ಮ ಕ್ರಮದಲ್ಲೇ ಬರೆಸಿದ್ದಾನೆ, ಅಷ್ಟೇ.

ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಹತ್ತೊಂಬತ್ತು ದಿನದ ಕೂಸಿಗೆ ಎರಡು ವರ್ಷವೇ ಎಂದು ಕ್ರಾಡಕ್ ನಕ್ಕ. ಅವನ ಗುಮಾಸ್ತನೂ ನಕ್ಕ, ಅವನು ನಗಲೇಬೇಕಲ್ಲ.

"ಹೆತ್ತೋಳು ನಾನು," ಎಂದಳು ಹನೋರಾ. "ಅವತ್ತು ನಾನು ಅಲ್ಲೇ ಇದ್ದೆ ಸ್ವಾಮಿ. ನೀವಿರಲಿಲ್ಲ."

"ನಿಮ್ಮ ಮಾತು ಸುಳ್ಳು ಅಂತ ನಾನು ಹೇಳ್ತಿಲ್ಲ ಅಮ್ಮ. ನಿಮ್ಮ ಗಂಡ ನಿಮಗೇ ಮೋಸ ಮಾಡಿರಬಹುದು. ನಿಮ್ಮ ಮಗಳು ಅಲ್ಲೇ ಸತ್ತಿರಬಹುದು. ಇವಳು ಇನ್ಯಾರ ಮಗಳೋ."

ಹನೋರಾಳ ಪಿತ್ತ ನೆತ್ತಿಗೇರಿತು. ಸತ್ತ ಗಂಡನ ಮೇಲೆ ಕಳ್ಳತನ, ಎದುರಿಗೆ ಜೀವಂತ ಕುಳಿತ ಮಗಳ ಮೇಲೆ ಸಾವು, ಎರಡನ್ನೂ ಒಂದೇ ಉಸಿರಿನಲ್ಲಿ ಹೊರಿಸಿದ ಈ ಬಾಯಿಗೆ ಏನು ಹೇಳುವುದು? ಹಾಕ್ ಮಿಂಗ್ ಅವಳ ತೋಳು ಹಿಡಿದು, "ಅತ್ತಿಗೆ, ಬಾಯಿ ಬಿಡಬೇಡಿ, ಇವರಿಗೆ ಅದೇ ಬೇಕಾಗಿರೋದು," ಎಂದು ಪಿಸುಗುಟ್ಟಿದ.

ಇನ್ನು ಉಕ್ತಲೇಖನ ಒಂದೇ ಎಂದ ಕ್ರಾಡಕ್. ಯುರೋಪಿನ ಯಾವುದಾದರೂ ಭಾಷೆಯಲ್ಲಿ ಅಧಿಕಾರಿ ಐವತ್ತು ಪದ ಓದುವುದು. ತಪ್ಪಿಲ್ಲದೆ ಬರೆದವರು ಒಳಗೆ, ಬರೆಯದವರು ಹೊರಗೆ. ಭಾಷೆಯನ್ನು ಆರಿಸುವವನು ಅಧಿಕಾರಿ. ಇಂಗ್ಲಿಷು ಬಲ್ಲ ಚೀನಿಗೆ ಜರ್ಮನ್, ಜರ್ಮನ್ ಬಲ್ಲವನಿಗೆ ಇನ್ನೊಂದು. ಬಾವಿಗೆ ತಳ್ಳಿ ಈಜು ಬಾರದೆ ಸತ್ತ ಎಂದು ಬರೆದುಕೊಳ್ಳುವ ನ್ಯಾಯ ಇದು.

ಐವಿಗೆ ಡಚ್ ಭಾಷೆ ಬಂತು. ಕ್ರಾಡಕ್ ಚೀಟಿ ನೋಡಿಕೊಂಡು ಎಡವುತ್ತ ಎಡವುತ್ತ ಓದಿದ. ಓದಿದ್ದು ಏನೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ. ಹುಡುಗಿ ಪೆನ್ನು ಹಿಡಿದು ತಾಯಿಯ ಮುಖ ನೋಡಿದಳು. ಹನೋರಾಳಿಗೆ ತನ್ನ ಊರು, ತನ್ನ ಶಾಲೆ, ತಾನು ಮಂಡಿಯೂರಿದ ಇಗರ್ಜಿ, ಎಲ್ಲ ಸೇರಿ ಈ ಕೂಸಿನ ಮುಂದೆ ಇಂಥ ನಾಟಕ ಆಡುತ್ತಿವೆಯಲ್ಲ ಎಂದು ನಾಚಿಕೆಯಾಯಿತು. ಕಾಗದ ಖಾಲಿಯಾಗಿಯೇ ಉಳಿಯಿತು. ಗುಮಾಸ್ತ ಅದರ ಮೇಲೆ ಅನುತ್ತೀರ್ಣ ಎಂದು ಬರೆದ.

ಹನೋರಾ ಎದ್ದು ಆ ಪೆನ್ನು ಕಿತ್ತುಕೊಂಡು ಮಗಳ ಪಕ್ಕದಲ್ಲಿ ಕುಳಿತಳು.

"ಈಗ ನನಗೆ ಓದಿ."

"ನಿಮಗೆ ಬೇಕಾಗಿಲ್ಲ."

"ಯಾಕೆ ಬೇಕಾಗಿಲ್ಲ? ನನಗೂ ಡಚ್ ಬರಲ್ಲ. ಇಂಗ್ಲಿಷೇ ತಪ್ಪಿಲ್ಲದೆ ಬರೆಯಕ್ಕೆ ಬರಲ್ಲ. ಅವಳನ್ನ ಯಾಕೆ ಕೇಳಿದ್ರಿ, ನನ್ನ ಯಾಕೆ ಕೇಳಲ್ಲ? ಬಾಯಿ ಬಿಟ್ಟು ಹೇಳಿ."

ಕಾಯ್ದೆಯಲ್ಲಿ ಬಣ್ಣದ ಮಾತು ಎಲ್ಲೂ ಇಲ್ಲ ಎಂದ ಕ್ರಾಡಕ್.

"ಕಾಯ್ದೇಲಿ ಇಲ್ಲ. ನಿಮ್ಮ ಬಾಯಲ್ಲೂ ಬರಲ್ಲ. ಹನ್ನೊಂದು ವರ್ಷ ಮಗಳಿಗಾಗಿ ಕಾದಿದೀನಿ, ಅವಳ ಮುಖ ನೋಡ್ಕೊಂಡು ಒಂದು ಸಲ ಹೇಳಿ. ಬೆಳ್ಳಗಿಲ್ಲ, ಅದಕ್ಕೆ ನೀನು ಬೇಡ ಅಂತ. ಅಷ್ಟು ಹೇಳಕ್ಕೆ ನಿಮಗೆ ಧೈರ್ಯ ಇಲ್ವಾ?"

ಅವನು ಕಿಟಕಿಯ ಕಡೆ ನೋಡುತ್ತ ಕಾಗದ ಜೋಡಿಸಿದ. ಹಡಗು ನಾಳೆ ಹಾಂಗ್‌ಕಾಂಗಿಗೆ ಹಿಂದಿರುಗುವಾಗ ಹುಡುಗಿ ಅದರಲ್ಲೇ ಹೋಗತಕ್ಕದ್ದು ಎಂದ. ಹಾಗಾದರೆ ತಾನೂ ಹೋಗುತ್ತೇನೆ ಎಂದಳು ಹನೋರಾ.

ಆಗ ಮಾತ್ರ ಅವನಿಗೆ ಸ್ವಲ್ಪ ಕನಿಕರ ಹುಟ್ಟಿದಂತಿತ್ತು. ಹಾಳು ಕನಿಕರ. "ಯೋಚನೆ ಮಾಡಿ ಅಮ್ಮ. ಚೀನಿಯನ್ನ ಮದುವೆಯಾದ ದಿನವೇ ಕಾಯ್ದೆ ಪ್ರಕಾರ ನೀವೂ ಚೀನಿ. ಒಂದು ಸಲ ಹೋದ್ರೆ, ವಾಪಸ್ ಬಂದಾಗ ಈ ಬೆಂಚಿನ ಮೇಲೆ ನಿಮ್ಮನ್ನೂ ಕೂರಿಸಬಹುದು."

ಅವಳಿಗೆ ಅದು ಹೊಸದಲ್ಲ. ಯುದ್ಧದ ಕಾಲದಲ್ಲಿ ತಾನು ಹುಟ್ಟಿದ ಊರಿನ ಪೊಲೀಸ್ ಠಾಣೆಯಲ್ಲೇ ಪರದೇಶದವಳೆಂದು ಹೆಸರು ಬರೆಸಿ ಬಂದಿದ್ದಳು. ಬರೆದುಕೊಂಡ ಪೊಲೀಸಿನವನು ಅವಳ ಜೊತೆ ಒಂದೇ ಬೆಂಚಿನಲ್ಲಿ ಅಕ್ಷರ ಕಲಿತವನು. ಅಂದು ನುಂಗಿಕೊಂಡಿದ್ದಳು. ಇಂದು ನುಂಗಲಿಲ್ಲ.

"ಚೀನಿ ಅಂದ್ರಲ್ಲ, ಸರಿ. ಚೀನಿ ಆಗೋಕೆ ನಾನು ಸಾಕು, ಇವಳ ತಾಯಿ ಆಗೋಕೆ ಸಾಲ್ದು, ಅಲ್ವಾ?"

ಮರುದಿನ ಹಾಕ್ ಮಿಂಗ್ ಅವಳ ಪೆಟ್ಟಿಗೆ ಹೊತ್ತು ತಂದ. ಮನೆಯ ಬೀಗದ ಕೈಯನ್ನು ಅವನಿಗೇ ಕೊಟ್ಟು, ಗಂಡನ ಗೋರಿಯ ಹುಲ್ಲು ಕೀಳಿಸು ಎಂದಳು. ಹತ್ತುವಾಗ ಹಡಗಿನವನೊಬ್ಬ ಅವಳ ಮುಖ ನೋಡಿ ಮೇಲಿನ ಅಂತಸ್ತಿನ ದಾರಿ ತೋರಿಸಿದ. ಅವಳು ಅವನತ್ತ ತಿರುಗಿಯೂ ನೋಡದೆ ಮಗಳ ಹಿಂದೆ ಕೆಳಗಿಳಿದಳು.

ಕೆಳಗೆ ಚೀನಿ ಹೆಂಗಸರು ನಾಲ್ಕೈದು ಜನ ಚಾಪೆ ಹಾಸಿಕೊಂಡು ಕುಳಿತಿದ್ದರು. ಅವರಲ್ಲೊಬ್ಬ ಮುದುಕಿ ಹನೋರಾಳ ಕೆಂಪು ಕೂದಲನ್ನೂ ಐವಿಯನ್ನೂ ನೋಡಿ, ಚಾಪೆಯ ತುದಿ ಬಿಟ್ಟುಕೊಟ್ಟು ಏನೋ ಕೇಳಿದಳು. ಐವಿ ತಾಯಿಯ ಕಡೆ ತಿರುಗಿದಳು. ಬಹಳ ಹೊತ್ತು ಹುಡುಕಿ, ಮರೆತ ಭಾಷೆಯಿಂದ ಎರಡು ಪದ ಹೆಕ್ಕಿದಳು.

"ಅಮ್ಮಾ... ಯಾವ ದೇಶ?"

ಹನೋರಾ ಬಾಯಿ ತೆರೆದಳು. ನಲವತ್ತೊಂದು ವರ್ಷ ಯೋಚಿಸದೆ ಹೇಳುತ್ತಿದ್ದ ದೇಶದ ಹೆಸರು ಈಗ ತನ್ನದೆನಿಸಲಿಲ್ಲ.

"ಬೆಂಡಿಗೋ," ಎಂದಳು.

ಮುದುಕಿಗೆ ತಿಳಿಯಲಿಲ್ಲ; ಊರಲ್ಲ, ದೇಶ ಯಾವುದು ಎಂದು ಐವಿಯಿಂದ ಮತ್ತೆ ಕೇಳಿಸಿದಳು.

"ಬೆಂಡಿಗೋ ಅಂತ ಹೇಳು ಮಗಳೇ. ಅಷ್ಟೇ ಹೇಳು."