ಬಾಳೆಹಣ್ಣನ್ನು ಹೊರತುಪಡಿಸಿ

ಝರ್ಕಾನ್ ದೇಶ ಎಲ್ಲಿದೆ ಎಂದು ಕಲಬುರಗಿಯ ಬ್ರಹ್ಮಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ದೇಶದ ಪರ ಹೋರಾಡುವುದರಲ್ಲಿ ಒಂದು ಸುಖವಿದೆ, ಎದುರು ವಾದಿಸುವವರು ಸಿಗುವುದಿಲ್ಲ. ನಿವೃತ್ತ ಪ್ರಾಧ್ಯಾಪಕ ಅಮರನಾಥರು ಈ ಸುಖವನ್ನು ಚೆನ್ನಾಗಿ ಬಲ್ಲವರು. ಅವರು ಕಟ್ಟಿದ ಸಂಸ್ಥೆಯ ಹೆಸರು ಜಾಗತಿಕ ಮಾನವ ಹಕ್ಕು ವೇದಿಕೆ, ಬ್ರಹ್ಮಪುರ ಘಟಕ. ಬೇರೆ ಘಟಕ ಎಲ್ಲೂ ಇರಲಿಲ್ಲ.

ಹಾಗೆಂದು ಅವರ ಸಿಟ್ಟು ಸುಳ್ಳಲ್ಲ. ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಮರಿಯಮ್ ಎಂಬ ಹುಡುಗಿ ಝರ್ಕಾನಿನವಳು, ಫಾರ್ಮಸಿ ಓದಲು ಬಂದವಳು. ಅಲ್ಲಿನ ಸೈನ್ಯ ತನ್ನದೇ ಜನರ ಮೇಲೆ ಗುಂಡು ಹಾರಿಸುತ್ತದೆ, ಮನೆಗೆ ನುಗ್ಗಿ ಹುಡುಗರನ್ನು ಎಳೆದೊಯ್ಯುತ್ತದೆ. ಅವಳ ತಮ್ಮನನ್ನೂ ಒಯ್ದಿತ್ತು. ಅಂಥ ಸೈನ್ಯಕ್ಕೆ ನಮ್ಮ ಸರಕಾರ ಬಂದೂಕು, ಬೂಟು, ಸಿಮೆಂಟು, ಊಟದ ಪೊಟ್ಟಣ ಎಲ್ಲ ಕಳಿಸಲಿದೆ ಎಂಬ ಸುದ್ದಿ ಓದಿದ ದಿನ ಅಮರನಾಥರು ಚಹಾ ಕುಡಿಯದೆ ಎದ್ದರು. ಉಪವಾಸ ಸತ್ಯಾಗ್ರಹ ಎಂದು ಘೋಷಿಸಿಯೇಬಿಟ್ಟರು.

ಇದರಿಂದ ತಲೆಮೇಲೆ ಕಲ್ಲು ಬಿದ್ದದ್ದು ಅವರ ಅಣ್ಣನ ಮಗಳು ಮಲ್ಲಿಕಾಗೆ. ಅವಳು ಹತ್ತಿರದ ಕಮಲಾಪುರದಲ್ಲಿ ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಅಲ್ಲಿಯ ಕೆಂಪು ಬಾಳೆಹಣ್ಣನ್ನು ಸೀಳಿ, ಒಣಗಿಸಿ ಸುಕೇಳಿ ಮಾಡುತ್ತಿದ್ದಳು. ರುಚಿಗೆ ಎರಡು ಮಾತಿಲ್ಲ, ಕೊಳ್ಳುವವರು ಮಾತ್ರ ಇಲ್ಲ. ಇನ್ನೇನು ಶೆಡ್ಡಿಗೆ ಬೀಗ ಹಾಕಬೇಕು ಎನ್ನುವಾಗ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಸಗಟು ವ್ಯಾಪಾರಿ ಅಣವೀರಪ್ಪ ಒಂದು ಆರ್ಡರ್ ತಂದಿದ್ದ. ಝರ್ಕಾನಿಗೆ ಹೋಗುವ ಊಟದ ಪೊಟ್ಟಣದಲ್ಲಿ ಸುಕೇಳಿ ಇರಬೇಕಂತೆ. ಕಮಲಾಪುರದಲ್ಲಿ ಪೇಡಾ ಹಂಚಿದ್ದಾಯಿತು. ಈಗ ಅದೇ ಅಣವೀರಪ್ಪ ಫೋನ್ ಮಾಡಿ ಗೊಣಗಿದ.

"ನಿಮ್ಮ ಕಾಕಾನೇ ಬ್ಯಾಡ ಅಂತ ಕೂತ್ರ ಆರ್ಡರ್ ಹ್ಯಾಂಗ ಉಳೀತದವ್ವ? ಮ್ಯಾಲಿನವರು ಪೇಪರ್ ಓದ್ತಾರ."

ಸತ್ಯಾಗ್ರಹಕ್ಕೆ ಆರಿಸಿದ್ದು ಶ್ರಾವಣ ಸೋಮವಾರ. ಸದಸ್ಯರೆಲ್ಲ ಹೇಗೂ ಅಂದು ಉಪವಾಸವಿರುವವರೇ, ಒಂದೇ ಹಸಿವಿನಲ್ಲಿ ಶಿವನಿಗೂ ಝರ್ಕಾನಿಗೂ ಸಲ್ಲುತ್ತದೆ. ಮಲ್ಲಿಕಾ ಒಂದು ಚೀಲ ಸುಕೇಳಿ ಹೊತ್ತು ಬಸ್ಸಿಳಿದು ಸೂಪರ್ ಮಾರ್ಕೆಟ್ ಪೇಟೆಯ ಪೆಂಡಾಲಿಗೆ ಬಂದಾಗ ಸತ್ಯಾಗ್ರಹಿಗಳು ಸಾಬೂದಾಣಿ ಖಿಚಡಿ ತಿನ್ನುತ್ತಿದ್ದರು. ಪಕ್ಕದಲ್ಲಿ ಬಾಳೆಹಣ್ಣಿನ ಗೊನೆ ಅರ್ಧ ಬೋಳಾಗಿತ್ತು. ಒಬ್ಬ ವರದಿಗಾರ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ಸರ್, ಇದು ಉಪವಾಸ ಅಲ್ರಿ?"

"ಉಪವಾಸನೇ," ಎಂದರು ಅಮರನಾಥರು ಬಾಯಿ ಒರೆಸಿಕೊಂಡು. "ಇದು ಫಳಾರ. ಉಪವಾಸದಾಗ ಬಾಳಿಹಣ್ಣ ಊಟದ ಲೆಕ್ಕಕ್ಕ ಬರಂಗಿಲ್ಲ."

ಮಲ್ಲಿಕಾಗೆ ಬೇಕಾದದ್ದು ಅಲ್ಲೇ ಸಿಕ್ಕಿತು. "ಕಾಕಾ, ಉಪವಾಸದಾಗ ಬಾಳಿಹಣ್ಣ ಊಟ ಅಲ್ಲ ಅಂದ್ರ, ಸೈನ್ಯದ ನೆರವಿನ ಲೆಕ್ಕಕ್ಕ ಅದು ಹ್ಯಾಂಗ ಬರ್ತದ?"

ಪೆಂಡಾಲು ಗಂಭೀರವಾಯಿತು. ಇಷ್ಟು ದೊಡ್ಡ ತತ್ವ ತಮ್ಮ ಬಾಯಿಂದಲೇ ಹೊರಟಿದ್ದನ್ನು ಕಂಡು ಅಮರನಾಥರಿಗೆ ಹೆಮ್ಮೆಯಾಯಿತು. ಸರಕಾರಕ್ಕೆ ಕಳಿಸಬೇಕಿದ್ದ ಠರಾವು ತಿದ್ದಿದರು: ಝರ್ಕಾನ್ ಸೈನ್ಯಕ್ಕೆ ಯಾವ ಬಗೆಯ ನೆರವನ್ನೂ ನೀಡಕೂಡದು, ಬಾಳೆಹಣ್ಣನ್ನು ಹೊರತುಪಡಿಸಿ. ಚಪ್ಪಾಳೆ ಬಿತ್ತು.

ಬಾಗಿಲು ತೆರೆದರೆ ಒಬ್ಬರೇ ಒಳಗೆ ಬರುತ್ತಾರೆಯೇ? ಅಣವೀರಪ್ಪ ಎದ್ದು, ತೊಗರಿ ಬೇಳೆಯೂ ಅಹಿಂಸಾ ಪದಾರ್ಥವೇ ಎಂದ. ಬೇಳೆ ಸೇರಿತು. ವೇದಿಕೆಯ ಖಜಾಂಚಿಯ ಅಳಿಯ ಸಿಮೆಂಟ್ ಕಂಪನಿಯಲ್ಲಿದ್ದ, ಸಿಮೆಂಟಿನಿಂದ ಆಸ್ಪತ್ರೆ ಕಟ್ಟಬಹುದು ಎಂದಾಯಿತು. ಬೂಟಿನ ಅಂಗಡಿಯವನೊಬ್ಬ, ಬರಿಗಾಲಲ್ಲಿ ನಡೆಸುವುದೂ ಮಾನವ ಹಕ್ಕಿನ ಉಲ್ಲಂಘನೆಯೇ ಎಂದ. ಬೂಟೂ ಸೇರಿತು. ಕೊನೆಗೆ ವಿರೋಧಿಸಲು ಬಂದೂಕು ಮಾತ್ರ ಉಳಿಯಿತು. ಬಂದೂಕು ಕಲಬುರಗಿಯಲ್ಲಿ ತಯಾರಾಗುವುದಿಲ್ಲ.

ಮಲ್ಲಿಕಾ ಗೆದ್ದ ಖುಷಿಯಲ್ಲಿ ಸುತ್ತ ನೋಡಿದಳು. ಬ್ಯಾನರಿನ ಮೂಲೆಯಲ್ಲಿ ಮರಿಯಮ್ ಕೂತಿದ್ದಳು. ತುಟಿ ಒಣಗಿತ್ತು. ಫಳಾರದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ, ಪಾಪ, ಬೆಳಗಿನಿಂದ ನೀರನ್ನೂ ಮುಟ್ಟದೆ ನಿಜವಾಗಿಯೇ ಉಪವಾಸವಿದ್ದಳು. ಮಲ್ಲಿಕಾ ಪಕ್ಕದಲ್ಲಿ ಕೂತು ಪೊಟ್ಟಣ ಬಿಚ್ಚಿದಳು.

"ತಗೋ, ಇದು ನಡೀತದ."

ಮರಿಯಮ್ ಪೊಟ್ಟಣವನ್ನು ತಿರುಗಿಸಿ ನೋಡಿದಳು. ಅಮರನಾಥರ ಹೆಂಡತಿಯಿಂದ ಕಲಿತ ಕನ್ನಡದಲ್ಲಿ ಕೇಳಿದಳು. "ಅಕ್ಕ, ಇದು ಆ ಸೈನ್ಯದವರಿಗಿ ಹೋಗ್ತದೇನು?"

"ಹೌದವ್ವ." ಮಲ್ಲಿಕಾಳ ದನಿ ತಾನಾಗಿಯೇ ಮೆತ್ತಗಾಯಿತು. "ಬರೇ ಹಣ್ಣು. ಹಸದವರಿಗಿ ತಿನ್ಲಾಕ ಕೊಟ್ರ ತಪ್ಪೇನದ?"

"ತಪ್ಪಿಲ್ಲಕ್ಕ. ನಮ್ಮವ್ವನೂ ಕೊಟ್ಟಿದ್ಳು." ಮರಿಯಮ್ ಒಂದೊಂದೇ ಪದ ಹುಡುಕಿ ಹೇಳಿದಳು. "ಅವರು ಮುಂಜಾನಿ ಬಂದ್ರು. ನಡದು ನಡದು ಸಾಕಾಗಿತ್ತು, ಹಸದೀವಿ ಅಂದ್ರು. ಅವ್ವ ರೊಟ್ಟಿ ಮಾಡಿದ್ಳು, ತಮ್ಮ ನೀಡಿದ. ಹೊಟ್ಟಿ ತುಂಬ ಉಂಡ್ರು, ಕೈ ತೊಳಕೊಂಡ್ರು, ಅವ್ವಗ ನಮಸ್ಕಾರ ಮಾಡಿದ್ರು. ಆಮ್ಯಾಲ ತಮ್ಮಗ ಕರಕೊಂಡು ಹೋದ್ರು."

ಮಲ್ಲಿಕಾ ಪೊಟ್ಟಣವನ್ನು ವಾಪಸು ತೆಗೆದುಕೊಂಡು ಅದರ ಬಾಯಿ ಮಡಚಿದಳು.

"ಖಾಲಿ ಹೊಟ್ಟಿಲೆ ಇದ್ದಿದ್ರ ನಮ್ಮ ಮನೀ ತನಕ ಬಂದೇ ಸಾಕಾಗಿ ಕೂಡ್ತಿದ್ರು, ಮುಂದ ಅವನಿಗಿ ಅಷ್ಟು ದೂರ ಒಯ್ಯತಿದ್ದಿಲ್ಲ ಅಂತ ಅವ್ವ ಈಗೂ ಅಂತಾಳ. ಒಲಿ ಮುಂದ ಕುಂತಾಗೆಲ್ಲ ಅಂತಾಳ."

ಮಲ್ಲಿಕಾಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆಮೇಲೆ ಎದ್ದು ಹೋಗಿ ಮೈಕ್ ಹಿಡಿದಳು. "ಕಾಕಾ, ಬಾಳಿಹಣ್ಣ ತಗೀರಿ. ಅದನ್ನೂ ಕಳಸಬಾರದು ಅಂತ ಬರೀರಿ."

ಅಣವೀರಪ್ಪ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿಬಂದ. "ಏ, ಬಾಳಿ ಹೋದ್ರ ಬ್ಯಾಳಿ ಹ್ಯಾಂಗ ಉಳೀತದ? ಹೊಟ್ಟಿ ಮ್ಯಾಲ ಹೊಡೀತೀ ಏನು!"

"ಠರಾವು ಪಾಸಾಗ್ಯದ ಮಗಳೆ," ಎಂದರು ಅಮರನಾಥರು. "ಫೋಟೋನೂ ತಗದಾರ. ಈಗ ತಿದ್ದಿದ್ರ ವೇದಿಕಿ ಮರ್ಯಾದಿ ಏನಾಗಬೇಕು?"

ವೇದಿಕೆಯ ಮರ್ಯಾದೆ ಉಳಿಯಿತು. ಆರ್ಡರು ಮಾತ್ರ ಬೇಡವೆಂದು ಮಲ್ಲಿಕಾ ಅಲ್ಲೇ ನಿಂತು ಅಣವೀರಪ್ಪನಿಗೆ ಹೇಳಿದಳು. ಅವನು ನಕ್ಕ. ಬೇರೆ ಊರಲ್ಲಿ ಬಾಳೆ ಬೆಳೆಯುವುದಿಲ್ಲವೇ ಎಂದು ಕೇಳಿದ.

ಕಮಲಾಪುರದ ಶೆಡ್ಡಿನಲ್ಲಿ ಹೆಂಗಸರು ಹಣ್ಣು ಸೀಳುತ್ತ ಕಾಯುತ್ತಿದ್ದರು. ಮಲ್ಲಿಕಾ ನಿಂತುಕೊಂಡೇ ಎಲ್ಲ ಹೇಳಿದಳು. ಎಲ್ಲರಿಗಿಂತ ಹಿರಿಯಳಾದ ಚಂದಮ್ಮ ಚಾಕುವನ್ನು ಬುಟ್ಟಿಗೆ ಎಸೆದಳು.

"ನೀ ಯಾರಿಗಿ ಕೇಳಿ ಬ್ಯಾಡ ಅಂದಿ? ನಾಳಿಂದ ನಾವು ಖಣಿಗಿ ಕಲ್ಲು ಹೊರಲಾಕ ಹೋಗಬೇಕು, ನೀ ಹೊರಂಗಿಲ್ಲ."

"ಹೌದು ಚಂದಮ್ಮ, ಕೇಳಬೇಕಿತ್ತು," ಎಂದಳು ಮಲ್ಲಿಕಾ.

ಚಂದಮ್ಮ ಬಹಳ ಹೊತ್ತು ಬೈದಳು. ಬೈದು ಬೈದು ಸುಸ್ತಾಗಿ, ಕೈಗಂಟಿದ ಹಣ್ಣನ್ನು ಸೆರಗಿಗೆ ಒರೆಸಿಕೊಂಡು ಕೂತಳು.

"ಆ ರೊಟ್ಟಿ ನೀಡಿದ ಹುಡುಗ... ಅವನ ಹೆಸರೇನು?"

ಮಲ್ಲಿಕಾ ಬಾಯಿ ತೆರೆದಳು. ಮರಿಯಮ್ ಕಾಕಾನ ಮನೆಗೆ ಬಂದು ಇದು ಮೂರನೆಯ ವರ್ಷ. ಇಡೀ ದಿನ ಬ್ಯಾನರು ಕಟ್ಟಿ, ಭಾಷಣ ಮಾಡಿ, ಠರಾವು ತಿದ್ದಿದ್ದರು. ಆ ಹುಡುಗನ ಹೆಸರನ್ನು ಒಬ್ಬರೂ ಕೇಳಿರಲಿಲ್ಲ, ಮಲ್ಲಿಕಾಳೂ ಕೇಳಿರಲಿಲ್ಲ.