ನೀಲಾಳ ಆರು ವಾರದ ಗುಳಿಗೆ

ಗರಗದ ಮುದಕವ್ವನ ಮೊಮ್ಮಗಳು ನೀಲಾಗೆ ಹನ್ನೊಂದು ತುಂಬಿದ್ದರೂ ನೋಡಿದವರು ಏಳೆಂಟು ಎನ್ನುತ್ತಿದ್ದರು. ಊಟಕ್ಕೆ ಕೂತರೆ ಹೊಟ್ಟೆ ಹಿಡಿದುಕೊಳ್ಳುವಳು. ವಾರಗಟ್ಟಲೆ ಭೇದಿ. ಮಲದ್ವಾರದ ಬಳಿ ಕೀವಿನ ಹುಣ್ಣಾಗಿ ಬೆಂಚಿನ ಮೇಲೆ ಕೂರಲಾಗದೆ ಶಾಲೆಯನ್ನೂ ಬಿಟ್ಟಳು. ಮುದಕವ್ವ ದೃಷ್ಟಿ ತೆಗೆದಳು, ಓಮಿನ ಕಾಳು ತಿನ್ನಿಸಿದಳು. ಯಾವುದೂ ನಾಟಲಿಲ್ಲ.

ಕೊನೆಗೆ ಆಶಾ ಕಾರ್ಯಕರ್ತೆ ನಾಹಿದಾ ಹಟ ಹಿಡಿದು, ನೀಲಾಳನ್ನೂ ಅವಳ ತಂದೆ ಸೋಮಪ್ಪನನ್ನೂ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಟಿ.ಬಿ. ಇರಬಹುದೇ ಎಂದು ಅಲ್ಲಿ ಮೊದಲು ನೋಡಿದರು. ಅದಲ್ಲ. ಕೊಳವೆ ಇಳಿಸಿ ಕರುಳು ಪರೀಕ್ಷಿಸಿದ ಮೇಲೆ ಕಾಯಿಲೆಯ ಹೆಸರು ತಿಳಿಯಿತು: ಕ್ರೋನ್ಸ್. ಕರುಳು ಬಾತು ಹುಣ್ಣಾಗುವ, ಬಹುಕಾಲ ಜೊತೆಗಿರುವ ಕಾಯಿಲೆ. ಕರುಳಿನ ಊತಕ್ಕೆ ಒಂದು ಔಷಧ, ಕೀವಿನ ಹುಣ್ಣಿಗೆ ಆರು ವಾರದ ಆಂಟಿಬಯೋಟಿಕ್ ಗುಳಿಗೆ ಕೊಟ್ಟರು.

ಹತ್ತೇ ದಿನಕ್ಕೆ ಹುಣ್ಣು ಒಣಗಿತು. ಮುದಕವ್ವನಿಗೆ ಹಿಗ್ಗೋ ಹಿಗ್ಗು. ಆದರೆ ಹನ್ನೊಂದನೆಯ ದಿನ ಬೆಳಗ್ಗೆ ನೀಲಾ ರೊಟ್ಟಿ ಉಗುಳಿದಳು.

"ಆಯಿ, ಬಾಯೆಲ್ಲಾ ಕಬ್ಬಿಣ ನೆಕ್ಕಿದಂಗ ಆಗತೈತಿ! ಉಚ್ಚಿನೂ ಕೆಂಪಗ ಹೊಂಟೈತಿ."

ಮುದಕವ್ವ ಹೆದರಿ ಗುಳಿಗೆಗಳನ್ನೆಲ್ಲ ಟ್ರಂಕಿನೊಳಗೆ ಹಾಕಿ ಬೀಗ ಜಡಿದಳು.

ಮಧ್ಯಾಹ್ನ ನಾಹಿದಾ ಬಂದಳು. "ಆಯಿ, ಗುಳಿಗಿ ನುಂಗಿದಳೇನ್ರಿ?"

"ಹುಣ್ಣು ಮಾದೇತಿ, ಇನ್ಯಾಕವಾ ಗುಳಿಗಿ? ಉಚ್ಚಿ ಕಡಕ್ ಚಾದಂಗ ಆಗೇತಿ. ಕೂಸಿನ ರಕ್ತಾನ ಸುಡಾಕತ್ತೈತಿ ಅದು!"

ನಾಹಿದಾ ವಾದಕ್ಕಿಳಿಯಲಿಲ್ಲ. ಆಸ್ಪತ್ರೆಗೆ ಫೋನು ಹಚ್ಚಿ, ನೀಲಾಳ ವಿಷಯ ತಿಳಿಸಿ, ಮುದಕವ್ವನ ಕೈಗೇ ಕೊಟ್ಟಳು.

"ಹೆದರಬ್ಯಾಡ್ರಿ ಅಮ್ಮಾ," ಎಂದರು ಡಾಕ್ಟರಬಾಯಿ. "ಈ ಗುಳಿಗಿಗೆ ಉಚ್ಚಿ ಬಣ್ಣಾ ತಿರಗತೈತಿ, ಬಾಯಿ ರುಚಿ ಕೆಡತೈತಿ. ಗುಳಿಗಿ ಮುಗದ ಮ್ಯಾಲ ಸರಿ ಹೋಗತೈತಿ. ನನಗ ಕೇಳಿದ್ದು ಛಲೋ ಆತು. ಆದ್ರ ಕೈಕಾಲು ಜುಮ್ ಅಂದ್ರ, ವಾಂತಿ ನಿಲ್ಲಲಿಲ್ಲಂದ್ರ, ಅವತ್ತ ತಿಳಸ್ರಿ."

"ಹುಣ್ಣು ಮಾದೇತಲ್ರಿ?"

"ಮ್ಯಾಲ ಮಾದೇತಿ, ಒಳಗ ಇನ್ನೂ ಐತಿ. ಅರ್ಧಕ್ಕ ಬಿಟ್ರ ಮತ್ತ ಏಳತೈತಿ."

ಮುದಕವ್ವ ಫೋನು ವಾಪಸು ಕೊಟ್ಟು, ಎದ್ದು ಹೋಗಿ ಟ್ರಂಕಿನ ಬೀಗ ತೆಗೆದಳು. ಗುಳಿಗೆಯ ಜೊತೆಗೆ ಒಂದು ಚೂರು ಬೆಲ್ಲವನ್ನೂ ತಂದಳು.

ಅಂದಿನಿಂದ ಆರು ವಾರ ಮುಗಿಯುವವರೆಗೆ ಒಂದು ಹೊತ್ತೂ ತಪ್ಪಲಿಲ್ಲ. ಆಸ್ಪತ್ರೆಯಲ್ಲಿ ತೂಗಿದಾಗ ನೀಲಾ ಎರಡು ಕಿಲೋ ಹೆಚ್ಚಿದ್ದಳು! ಆಂಟಿಬಯೋಟಿಕ್ ಮುಗಿಯಿತು, ಕರುಳಿನ ಔಷಧ, ತಪಾಸಣೆ ಮುಂದುವರಿಯಲಿ ಎಂದರು. ಮನೆಗೆ ಬಂದವಳೇ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈಚಾಚಿದಳು.

"ಇನ್ನ ಮನ್ಯಾಗಿನ ಜ್ವಾಳ ಸಾಲೂದಿಲ್ಲ ಬಿಡು!" ಎಂದು ಮುದಕವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಹುಲಿಗೆವ್ವ ಇಣುಕಿದಳು. "ಮುದಕವ್ವಾ, ನಮ್ಮ ಮೊಮ್ಮಗಗ ಜುಲಾಬ ಹತ್ತೇತಿ. ನೀಲಾನ ಗುಳಿಗಿ ಎರಡು ಉಳದಿದ್ರ ಕೊಡಬೇ."

"ಒಂದೂ ಉಳದಿಲ್ಲ. ಉಳದಿದ್ರೂ ಕೊಡತಿದ್ದಿಲ್ಲ! ಡಾಕ್ಟರು ನೀಲಾನ ರೋಗ ನೋಡಿ ಬರದದ್ದು ಅದು. ಕೂಸಿಗೆ ಓಆರ್‌ಎಸ್ ಕುಡಸು. ನಡಿ, ನಾಹಿದಾನ ಕಡೆ ಹೋಗೂಣು." ಮುದಕವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು.

ತಾಯಂದಿರೇ, ಅಜ್ಜಿಯರೇ, ನಿಮ್ಮ ಮಗುವಿಗೆ ವಾರಗಟ್ಟಲೆ ಹೊಟ್ಟೆನೋವು, ಭೇದಿ ಇದೆಯೇ? ತೂಕ, ಎತ್ತರ ಏರುತ್ತಿಲ್ಲವೇ? ಇಂದೇ ವೈದ್ಯರಿಗೆ ತೋರಿಸಿ. ಆಂಟಿಬಯೋಟಿಕ್ ಕೊಟ್ಟರೆ ಹೇಳಿದಷ್ಟು ದಿನ ಕೊಡಿ. ಅನುಮಾನ ಬಂದರೆ ಗುಳಿಗೆ ಬಚ್ಚಿಡಬೇಡಿ, ಕೂಡಲೇ ವೈದ್ಯರನ್ನು ಕೇಳಿ. ಒಂದು ಮಗುವಿನ ಗುಳಿಗೆಯನ್ನು ಇನ್ನೊಬ್ಬರಿಗೆ ಎಂದೂ ಕೊಡಬೇಡಿ.